ಎದೆಯ ಮೇಲಿನ ಗೆರೆಗಳು

ನನ್ನ ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊ, ರೇಡಿಯೇಶನ್ ಎರಡನ್ನೂ ಒಟ್ಟಿಗೇ ಶುರು ಮಾಡುವುದೆಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರ್ಮಾನವಾಗಿತ್ತು. ಟೆಕ್ನಿಷಿಯನ್ ಸ್ಕ್ಯಾನ್ ಮಾಡಿ, ಎದೆಯ ಮೇಲೆ ಮಸಿಯ ಗೆರೆ ಎಳೆದು, "ಇವು ಅಳಿಸಬಾರದ್ರೀ. ಸೋಮವಾರ ಇವನ್ನ ನೋಡೇ ಮಷೀನ್ ಹೊಂದಸೋದು" ಅಂದಿದ್ದ.

ಸೋಮವಾರ ಅಂಗಿ ಬಿಚ್ಚಿದರೆ ಎದೆ ಬೆಳಗಿದ ಹಂಡೆಯಂತೆ ಹೊಳೆಯುತ್ತಿತ್ತು.

"ಗೆರಿ ಎಲ್ಲಿ ಹೋದ್ವುರೀ?"

"ಕುರುಗೋಡಿನ ನಮ್ಮಕ್ಕ ಬಂದಾಳ್ರಿ. ದೊಡ್ಡ ಕೆಲಸಕ್ಕ ಹೊಂಟಾವ ಎಣ್ಣಿ ನೀರು ಹಾಕ್ಕೊಂಡು ಹೋಗಬೇಕಂತ ತಿಕ್ಕಿಬಿಟ್ಲು."

ಅರ್ಧ ನಿಜ. ಸುಳ್ಳು ಹೇಳಿ ಜಾರಿಕೊಳ್ಳುವುದು ನನಗೆ ಹೊಸದೇನಲ್ಲ. ಅಕ್ಕ ನನ್ನ ತಲೆಗಷ್ಟೇ ಎಣ್ಣೆ ಹಚ್ಚಿದ್ದಳು. ಸೀಗೆಪುಡಿ ಹಾಕಿ ಎದೆ ತಿಕ್ಕಿಕೊಂಡವನು ನಾನೇ. ಗೆರೆಯೇ ಇಲ್ಲದಿದ್ದರೆ ಆ ಮಷೀನಿನ ಕೆಳಗೆ ಮಲಗುವುದು ತಪ್ಪೀತು ಅಂದುಕೊಳ್ಳುವಷ್ಟು ಹೆದರಿದ್ದೆ.

ಟೆಕ್ನಿಷಿಯನ್ ಹೊರಗೆ ಕೂತಿದ್ದ ಅಕ್ಕನನ್ನು ಕರೆದು ಕೇಳಿದ. ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಹೌದ್ರೀ ಸರ್, ನಂದ ತಪ್ಪು. ಇವತ್ತ ಮತ್ತ ಗೆರಿ ಹಾಕ್ರಿ. ಇನ್ನ ಬಚ್ಚಲಮನಿಗೆ ಹೋದ್ರೂ ನಾ ಇವನ ಹಿಂದ ಇರ್ತೀನಿ."

ಅವತ್ತೇ ಮತ್ತೆ ಸ್ಕ್ಯಾನ್ ಆಯಿತು, ಹೊಸ ಗೆರೆಗಳು ಬಿದ್ದವು. ಮರುದಿನ ಮಷೀನಿನ ಕೆಳಗೆ ಮಲಗಿದೆ. ಊರಿಗೆಲ್ಲ ಟೋಪಿ ಹಾಕಿದ ನನ್ನನ್ನು ಅಕ್ಕ ಒಂದೇ ಸುಳ್ಳಿನಲ್ಲಿ ಕಟ್ಟಿಹಾಕಿದ್ದಳು.