ಇಳಿಸದೆ ತಂದ ಅತಿಥಿ

ಹಿರಿಯಡ್ಕದ ಶೀನನ ವ್ಯಾನು ಎಷ್ಟೇ ತುಂಬಿರಲಿ, ದರ್ಗಾಕ್ಕೆ ಹೋಗುವ ದಿನ ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರುವ ಹಾಗಿಲ್ಲ. ಹರಕೆ ಹೊತ್ತವರು ಕಾಪು ಕಡೆಯ ಕಡಲತಡಿಯ ದರ್ಗಾದಲ್ಲಿ ಕೈಮುಗಿದು, ಅಲ್ಲಿಂದ ಕಾರ್ಕಳದ ದಾರಿಯ ಗುಡ್ಡದ ದೈವದ ಗುಡಿಗೆ ಹೋಗಬೇಕು. ಹಿಂದೂಗಳೂ ಹಾಗೆಯೇ, ಬ್ಯಾರಿ ಮುಸ್ಲಿಮರೂ ಹಾಗೆಯೇ.

ಹಿಂದೊಮ್ಮೆ ಒಬ್ಬ ಬ್ಯಾರಿ ವ್ಯಾಪಾರಿಯೂ ಮೀನು ಹಿಡಿಯುವ ಒಬ್ಬ ಮೊಗವೀರನೂ ಒಂದೇ ದೋಣಿಯಲ್ಲಿ ಮುಳುಗಿದರಂತೆ. ಜೀವದ ಗೆಳೆಯರು. ವ್ಯಾಪಾರಿಯ ಹೆಣ ದಡಕ್ಕೆ ಬಂತು, ಗೋರಿಯಾಯಿತು, ಅದೇ ಈ ದರ್ಗಾ. ಮೊಗವೀರನ ಹೆಣ ಸಿಗಲೇ ಇಲ್ಲ. ಅವನು ಗುಡ್ಡದಲ್ಲಿ ದೈವವಾಗಿ ನಿಂತ. ಕಡಲತಡಿಯವನು ಗೆಳೆಯನನ್ನು ನೋಡಲು ಭಕ್ತರ ವಾಹನದಲ್ಲಿಯೇ ಹೊರಡುತ್ತಾನಂತೆ. ಆದ್ದರಿಂದ ದರ್ಗಾದ ಎದುರು ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಮಲ್ಲಿಗೆ ಇಟ್ಟು, ಬಾಗಿಲು ಹಾಕಬೇಕು. ಗುಡಿಯ ಎದುರು ಮತ್ತೆ ತೆಗೆದು ಅವನನ್ನು ಇಳಿಸಬೇಕು. ವಾಪಸು ಹೇಗೆ ಹೋಗುತ್ತಾನೆಂದು ಈವರೆಗೆ ಯಾರೂ ಕೇಳಿಲ್ಲ, ಶೀನನೂ ಕೇಳಿರಲಿಲ್ಲ. ಅವನಿಗೆ ಬಾಡಿಗೆ ಮುಖ್ಯ, ನಂಬಿಕೆ ಅಷ್ಟಕ್ಕಷ್ಟೆ.

ಉಳಿದ ದಿನ ಆ ಸೀಟು ಅವನ ಮಗ ಸುಕೇಶನದ್ದಾಗಿತ್ತು. ಸುಕೇಶ ಮಲ್ಪೆಯಿಂದ ಮೀನಿಗೆ ಹೋದ ಬೋಟು ಗಾಳಿಗೆ ಸಿಕ್ಕಿ ಮುಳುಗಿತು; ಜೊತೆಗಿದ್ದವರು ಸಿಕ್ಕಿದರು, ಅವನು ಮಾತ್ರ ಸಿಗಲಿಲ್ಲ. ಬೊಜ್ಜ ಮಾಡದಿದ್ದರೆ ಸತ್ತವನಿಗೆ ದಾರಿಯಿಲ್ಲ, ಉತ್ತರಕ್ರಿಯೆ ಮುಗಿಸೋಣ ಎಂದು ಶೀನನ ಹೆಂಡತಿ ವಾರಿಜ ಅತ್ತು ಕೇಳಿದಳು. ಹೆಣ ಸಿಗದೆ ಎಂತದ್ದು ಬೊಜ್ಜ ಎಂದು ಶೀನ ಎದ್ದು ಹೋದ. ಆಮೇಲೆ ಆ ಮನೆಯಲ್ಲಿ ಈ ಮಾತು ಬರಲಿಲ್ಲ.

ಅದಾದ ಮೇಲಿನ ಮೊದಲ ಬಾಡಿಗೆಯಲ್ಲೇ ಅದು ನಡೆದದ್ದು. ದರ್ಗಾದ ಎದುರು ಮಲ್ಲಿಗೆ ಇಟ್ಟು, ಬಾಗಿಲು ಹಾಕಿ, ಗಾಡಿ ಸ್ಟಾರ್ಟ್ ಮಾಡಿದ್ದೇ ಸೀಟ್ ಬೆಲ್ಟಿನ ಅಲಾರಂ ಕುಂಯ್ ಕುಂಯ್ ಎಂದು ಕೂಗತೊಡಗಿತು. ಆ ಸೀಟಿನಲ್ಲಿ ಆಳು ಕೂತು ಬೆಲ್ಟ್ ಹಾಕದಿದ್ದರೆ ಮಾತ್ರ ಕೂಗುವಂಥದ್ದು ಅದು. ಒಂದು ಮೊಳ ಹೂವಿಗೆ ಎಲ್ಲಿಯ ಭಾರ? ಶೀನ ಕೈ ಚಾಚಿ ಬೆಲ್ಟ್ ಎಳೆದು ಸಿಕ್ಕಿಸಿದ. ಅಲಾರಂ ನಿಂತಿತು. ಸುಕೇಶನಿಗೂ ಅವನು ಹೀಗೆಯೇ ಹಾಕುತ್ತಿದ್ದ.

ಅಂದು ಗುಡಿಯ ಎದುರು ಅವನು ಆ ಬಾಗಿಲು ತೆಗೆಯಲಿಲ್ಲ. ಮುಂದೆಯೂ ತೆಗೆಯಲಿಲ್ಲ. ಬೆಲ್ಟ್ ಹಾಗೆಯೇ ಇಟ್ಟು ಮನೆಗೆ ಬರುತ್ತಿದ್ದ. ಬೆಳಿಗ್ಗೆ ನೋಡಿದರೆ ಸೀಟು ಒದ್ದೆ, ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ. ಒರೆಸಿಬಿಡುತ್ತಿದ್ದ. ಒಮ್ಮೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮಣಿಪಾಲದ ಲೊರ್ನಾ ಬಾಯಿ, ಎಸಿ ಕಡಿಮೆ ಮಾಡಿ, ಮುಂದೆ ಕೂತವರು ನಡುಗುತ್ತಿದ್ದಾರೆ ಎಂದರು. ಶೀನ ಎಸಿ ಆರಿಸಿದ. ಅವನಿಗೆ ಹೆದರಿಕೆಯಾಯಿತು ಎಂದರೆ ಸುಳ್ಳಾದೀತು. ಸಂತೋಷವಾಯಿತು, ನಾಚಿಕೆಯಾಗುವಷ್ಟು ಸಂತೋಷವಾಯಿತು.

ಈ ವರ್ಷ ವಾರಿಜ ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತಳು. ದರ್ಗಾದ ಎದುರು ಅಲಾರಂ ಕೂಗಿದ್ದನ್ನೂ, ಗಂಡ ಖಾಲಿ ಸೀಟಿಗೆ ಬೆಲ್ಟ್ ಹಾಕಿ ಮಲ್ಲಿಗೆ ಸರಿಪಡಿಸಿದ್ದನ್ನೂ ನೋಡಿದಳು. ಉಡುಪಿ ದಾಟಿತು, ಹಿರಿಯಡ್ಕ ದಾಟಿತು. ಗುಡಿಯ ಎದುರು ಜನರೆಲ್ಲ ಇಳಿದು ಮೆಟ್ಟಿಲು ಹತ್ತಿದ ಮೇಲೆ ವಾರಿಜ ಮುಂದೆ ಬಂದು ನಿಂತಳು.

"ಎಷ್ಟು ಸಮಯದಿಂದ ಉಂಟು ಇದು?"

ಶೀನ ಸ್ಟಿಯರಿಂಗ್ ಹಿಡಿದೇ ಇದ್ದ. ಬಾಗಿಲು ತೆಗೆದರೆ ಹೋಗಿಬಿಡುತ್ತಾನೆ ಎಂದ.

"ಕಟ್ಟಿ ಹಾಕಿದ್ದೀರಲ್ಲ, ನೀರು ಕುಡಿದು ಬಂದವನನ್ನು," ಎಂದಳು ವಾರಿಜ. "ಗುಡಿಯ ಒಳಗೆ ಗೆಳೆಯ ಕಾಯ್ತಾ ಇದ್ದಾನೆ. ಇಳಿಸಿ ಮಾರಾಯ್ರೆ, ಅವನಿಗೆ ಉಸಿರು ಕಟ್ಟುತ್ತದೆ."

ಬಕಲು ಕೈಗೆ ತಣ್ಣಗೆ, ಒದ್ದೆಯಾಗಿ ಸಿಕ್ಕಿತು. ಬಿಚ್ಚಿದ್ದೇ ಅಲಾರಂ ಮತ್ತೆ ಕೂಗತೊಡಗಿತು. ಶೀನ ಇಳಿದು, ಗಾಡಿ ಸುತ್ತಿ ಬಂದು, ಬಾಗಿಲು ತೆಗೆದು ಹಿಡಿದ.

"ಇಳಿ ಮಗ," ಎಂದ.

ಸ್ವಲ್ಪ ಹೊತ್ತು ಅದು ಕೂಗುತ್ತಲೇ ಇತ್ತು. ಆಮೇಲೆ ನಿಂತಿತು.

ವಾಪಸು ಹೊರಡುವಾಗ ಆ ಸೀಟು ಒಣಗಿತ್ತು. ಬೊಜ್ಜಕ್ಕೆ ದಿನ ನೋಡುವ ಎಂದು ಶೀನನೇ ಹೇಳಿದ. ವಾರಿಜ ಅವನ ಪಕ್ಕದಲ್ಲಿ ಬಂದು ಕೂತಳು. ಅಲಾರಂ ಕುಂಯ್ ಎಂದಿತು. ಅವನು ಕೈ ಚಾಚಿ ಅವಳಿಗೆ ಬೆಲ್ಟ್ ಹಾಕಿದ, ಆಮೇಲೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತ.