ಅಟ್ಟದ ಬಾಯಿಯ ಕಾಯಿ

"ಸಾಹುಕಾರರ ಬೆರಳಿಗೆ ಕಣ್ಣಿತ್ತು. ಅಟ್ಟದಿಂದ ನಾಲ್ಕು ಕಾಯಿ ತೆಗೆದು ನೋಡಿದರೆ ಸಾಕು, ಇಡೀ ಅಟ್ಟದ ಕೊಬ್ಬರಿ ಹೇಗೆ ತೂಗುತ್ತದೆಂದು ಹೇಳಿಬಿಡುತ್ತಿದ್ದರು." ಈಚೆಗೆ ಅರಸೀಕೆರೆಯಲ್ಲಿ ನಡೆದ ಅವರ ಪುಣ್ಯಸ್ಮರಣೆಯಲ್ಲಿ ಈ ಮಾತನ್ನು ಒಬ್ಬರಾದ ಮೇಲೊಬ್ಬರು ಹೇಳಿದರು. ಸಭೆ ತಲೆದೂಗಿತು. ನಾನು ತಲೆದೂಗಲಿಲ್ಲ.

ಹೊರಡುವಾಗ ಬಂದವರಿಗೆಲ್ಲ ಪ್ರಸಾದವೆಂದು ಒಂದೊಂದು ಉಂಡೆ ಕೊಬ್ಬರಿ ಕೊಟ್ಟರು. ಬಸ್ಸಿನಲ್ಲಿ ಕುಳಿತು ಅದನ್ನು ಮೂಸಿದೆ. ಒಣಗಿದ ಮಟ್ಟೆ, ಒಲೆಯ ಹೊಗೆ, ಕೆಳಗಿನ ಕೊಟ್ಟಿಗೆಯಿಂದ ಏರಿದ ಕಾವು... ಅಟ್ಟದ ಮೇಲೆ ವರ್ಷ ಕಳೆದ ಕಾಯಿಗೆ ಮಾತ್ರ ಇರುವ ವಾಸನೆ. ಅದರಿಂದ ನನಗೆ ಸಾಹುಕಾರರು ನೆನಪಾಗಲಿಲ್ಲ. ಬಾಣಾವರದ ಬಳಿಯ ನಮ್ಮೂರಿನಲ್ಲಿ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು. ಅವಳ ವಿಷಯವನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಸಾಹುಕಾರರ ಭಾವಚಿತ್ರದ ಹಾರ ಅಲ್ಲೇ ಬಾಡುತ್ತಿತ್ತು.

ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಗೋಡೆ ಒಂದೇ, ಬಾಗಿಲು ಬೇರೆ. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟವನ್ನೂ, ಮನೆತನದ ಒಂದು ಸೇವೆಯನ್ನೂ ಒಬ್ಬಳೇ ಉಳಿಸಿಕೊಂಡು ಬಂದಿದ್ದಳು. ನಮ್ಮ ಕಡೆಯ ಮಠದ ವರ್ಷಾವಧಿ ದಾಸೋಹಕ್ಕೆ ಉಂಡೆ ಕೊಬ್ಬರಿ ಕೊಡುವ ಸೇವೆ ಅದು. ತಲೆಮಾರುಗಳಿಂದ ಅವರ ಮನೆಯದು. ಪಂಕ್ತಿಗೆ ಎಲೆ ಹಾಕುವ ಮೊದಲು ಸೇವೆ ಕೊಟ್ಟ ಮನೆಯ ಯಜಮಾನನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಆ ಕೂಗಿಗಾಗಿ ಅಕ್ಕ ವರ್ಷವಿಡೀ ಬದುಕುತ್ತಿದ್ದಳು ಎಂದರೆ ಅತಿಶಯವಲ್ಲ. ಗಂಡನ ಹೆಸರು ಊರಿನ ಬಾಯಲ್ಲಿ ಬರುತ್ತಿದ್ದುದು ಆಗ ಮಾತ್ರ.

ನಾನು ಸ್ಟೇಷನ್ ಎದುರು ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಗಿರಾಕಿ ಇಲ್ಲದಾಗ ರದ್ದಿಯಲ್ಲಿ ಸಿಕ್ಕ ಪುಸ್ತಕಗಳನ್ನು ಓದುತ್ತಿದ್ದೆ. ಅಕ್ಕ ಅದನ್ನು ಕಂಡು ನಗುತ್ತಿದ್ದಳು: "ಲೋ ತಮ್ಮಾ, ನಿನ್ ಕಣ್ಣು ಹೋದ್ಮೇಲೆ ಆ ಪುಸ್ತಕ ಎಲ್ಲಾ ನಮ್ಮನೆ ಒಲೆಗೆ ಕೊಡು. ಒಂದಿನದ ಅನ್ನನಾದ್ರೂ ಬೆಂದಾತು."

ತೊಂಬತ್ತರ ದಶಕದ ಕೊನೆಯಲ್ಲಿ ಸಾಹುಕಾರರು ಮಠದ ಸಮಿತಿಗೆ ಬಂದರು. ಊರೂರು ತಿರುಗಿ, ಕಾಯಿ ಇನ್ನೂ ಅಟ್ಟದ ಮೇಲಿರುವಾಗಲೇ ಇಡೀ ಅಟ್ಟವನ್ನು ಕೊಳ್ಳುವುದು ಅವರ ವ್ಯಾಪಾರ. ಮಟ್ಟೆಯೊಳಗಿನ ಕೊಬ್ಬರಿ ಕಣ್ಣಿಗೆ ಕಾಣದು. ಒಣಗುವ ಮೊದಲೇ ಎಲ್ಲವನ್ನೂ ಸುಲಿದು ನೋಡಿದರೆ ಮಾಲೇ ಹಾಳು. ಆದ್ದರಿಂದ ಕೆಲವನ್ನು ಸುಲಿದು, ಉಳಿದವನ್ನು ಅವುಗಳಿಂದ ಅಂದಾಜು ಮಾಡಬೇಕು. ಈ ಅಂದಾಜಿನ ಮೇಲೆಯೇ ಅವರ ಕೀರ್ತಿ ನಿಂತಿತ್ತು.

ಒಂದು ದಿನ ಸಮಿತಿಯ ಇನ್ನಿಬ್ಬರೊಡನೆ ಅಕ್ಕನ ಮನೆಗೆ ಬಂದರು. ಸೇವೆಯ ಕೊಬ್ಬರಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆಯೆಂದು ದೂರು ಬಂದಿದೆ, ನೋಡಬೇಕು ಎಂದರು. ದೂರು ಕೊಟ್ಟವರು ಯಾರೆಂದು ಹೇಳಲಿಲ್ಲ. ಏಣಿ ಹತ್ತಿ, ಅಟ್ಟದೊಳಗೆ ಕಾಲಿಡದೆ, ಅದರ ಬಾಯಲ್ಲೇ ನಿಂತು ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿದರು. ಅಂಗಳದಲ್ಲಿ ಸುಲಿಸಿ ಚಿಪ್ಪು ಒಡೆಸಿದಾಗ ಬಂದದ್ದು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆಗಳು. ನೆರೆದವರ ಮುಂದೆ ಒಂದನ್ನು ಎತ್ತಿ ಹಿಡಿದು ಕೇಳಿದರು:

"ಏನವ್ವಾ, ದೊಡ್ಡವು ಮಂಡಿಗೆ, ಸಣ್ಣವು ಸ್ವಾಮಿಗೋ?"

ಅಕ್ಕ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಳು. ದೇವರಿಗೆ ಎಣಿಕೆ ಒಪ್ಪಿಸಿ ತೂಕದಲ್ಲಿ ವಂಚಿಸಿದವಳು ಎಂಬ ಮಾತು ಸಂಜೆಯ ಹೊತ್ತಿಗೆ ಮೂರು ಊರು ದಾಟಿತು. ಈ ವರ್ಷದ ಸೇವೆ ತಮ್ಮ ಮನೆಯಿಂದ ಆಗಲಿ ಎಂದು ಸಾಹುಕಾರರು ವಿನಯದಿಂದ ಸೂಚಿಸಿದರು. ಆ ವಿನಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮರುದಿನ ನಾನು ಅಟ್ಟ ಹತ್ತಿ ಒಳಗಿನ ತನಕ ಹೋದೆ. ಕಾಯಿಯನ್ನು ಕೆಳಗಿನಿಂದ ಬುಟ್ಟಿಯಲ್ಲಿ ಎತ್ತಿಕೊಟ್ಟು ಅಟ್ಟದ ಬಾಯಲ್ಲೇ ಸುರಿಯುವುದು ನಮ್ಮವರ ರೂಢಿ. ಸುರಿದ ರಾಶಿಯಲ್ಲಿ ಸಣ್ಣವು ಸಂದಿಗೆ ಸಿಕ್ಕಿ ಬಿದ್ದಲ್ಲೇ ನಿಲ್ಲುತ್ತವೆ. ದಪ್ಪನೆಯವು ಉರುಳಿ ದೂರದ ಗೋಡೆ ಸೇರುತ್ತವೆ. ಅಕ್ಕನ ಅಟ್ಟದ ಹಿಂಬದಿಯಲ್ಲಿ ಎರಡು ಕೈಯಲ್ಲಿ ಹಿಡಿಯಬೇಕಾದ ಕಾಯಿಗಳು ಕತ್ತಲಲ್ಲಿ ಮಲಗಿದ್ದವು. ಹೀಗಾಗಿ ಬಾಯಲ್ಲಿ ಕೈ ಹಾಕಿದವನಿಗೆ ಯಾವ ಮನೆಯ ಅಟ್ಟದಲ್ಲೂ ಸಣ್ಣವೇ ಸಿಗುತ್ತವೆ. ಸಾಹುಕಾರರು ಆಯುಷ್ಯವಿಡೀ ಕೊಂಡ ಅಟ್ಟಗಳನ್ನೆಲ್ಲ ನೋಡಿದ್ದು ಹೀಗೆಯೇ... ಅಂದಾಜು ತಪ್ಪಿದಷ್ಟೂ ಲಾಭ ಅವರದು.

ನನ್ನ ರದ್ದಿ ಪುಸ್ತಕವೊಂದರಲ್ಲಿ ಇದಕ್ಕೆ ಉತ್ತರವಿತ್ತು. ಕೆಲವನ್ನು ನೋಡಿ ಎಲ್ಲದರ ಸರಾಸರಿ ಹೇಳುವುದು ಮೋಸವಲ್ಲ, ಮಂತ್ರವೂ ಅಲ್ಲ. ಆದರೆ ರಾಶಿಯ ಪ್ರತಿಯೊಂದು ಕಾಯಿಗೂ ಕೈಗೆ ಬರುವ ಅವಕಾಶ ಸಮನಾಗಿರಬೇಕು. ಆರಿಸುವವನ ಇಷ್ಟಕ್ಕೆ ಅಲ್ಲಿ ಜಾಗವಿರಬಾರದು. ಹಾಗೆ ತೆಗೆದ ಸಾಕಷ್ಟು ಕಾಯಿಗಳ ಸರಾಸರಿ ಇಡೀ ಅಟ್ಟದ ಸರಾಸರಿಗೆ ತೀರ ಹತ್ತಿರ ಬಂದು ನಿಲ್ಲುತ್ತದೆ. ತುಸು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಹೆಚ್ಚು ಕಾಯಿ ತೆಗೆದಷ್ಟೂ ಅದು ಕುಗ್ಗುತ್ತದೆ. ಆದರೆ ಬಾಯಲ್ಲೇ ನಿಂತು ಗಾಡಿಗಟ್ಟಲೆ ತೆಗೆದರೂ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ.

ಅಟ್ಟದ ಮೇಲೆ ಹಗ್ಗ ಕಟ್ಟಿ ಚೌಕಗಳನ್ನು ಮಾಡೋಣ, ಪ್ರತಿ ಚೌಕಕ್ಕೂ ಒಂದೊಂದು ಚೀಟಿ ಬರೆಯೋಣ, ಚೀಟಿ ಬಂದ ಚೌಕದಲ್ಲಿ ಮೇಲಿನಿಂದ ತಳದವರೆಗೆ ಇರುವ ಎಲ್ಲವನ್ನೂ ತೆಗೆಯೋಣ ಎಂದು ಅಕ್ಕನಿಗೆ ಹೇಳಿದೆ.

"ಚೀಟಿನಾ? ಮೊದ್ಲೇ ಕಳ್ಳಿ ಅಂದವ್ರೆ. ಇನ್ನು ಚೀಟಿ ನಡೆಸ್ತಾಳೆ ಅಂತ್ಲೂ ಅನ್ಲಿ ಅಂತೀಯೇನೋ?"

"ಆ ಚೀಟಿ ಅಲ್ಲ ಕಣಕ್ಕಾ..."

ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು. ಸಾಕ್ಷಿಗೆಂದು ಮಠದ ಅಡುಗೆಯವರೊಬ್ಬರನ್ನು ಕರೆದೆವು. ಕೊಬ್ಬರಿಯನ್ನು ವರ್ಷವರ್ಷವೂ ಕೈಯಾರೆ ತುರಿಯುತ್ತಿದ್ದವರು ಅವರೇ. ಸಾಹುಕಾರರಿಗೂ ಹೇಳಿಕಳಿಸಿದೆವು, ಬರಲಿಲ್ಲ. ಚೀಟಿ ಎತ್ತಿದ್ದು ಅಡುಗೆಯವರು. ನಡುವೆ ಒಂದು ಚೀಟಿ ಅಟ್ಟದ ಬಾಯಿಯ ಚೌಕಕ್ಕೇ ಬಂತು. ಅಕ್ಕ ಅಡ್ಡ ನಿಂತಳು.

"ಅದೊಂದು ಬಿಟ್ಬಿಡಿ. ಅಲ್ಲಿರೋವು ಸಣ್ಣವು. ಮನೆಗ್ ಬಂದೋರ್ಗೆ ಸಣ್ಣದನ್ನ ತೋರ್ಸಾದಾ?"

"ತೋರಿಸ್ಲೇಬೇಕಕ್ಕಾ. ನಾವು ದಪ್ಪದನ್ನೇ ಆರಿಸಿದ್ರೆ ನಮಗೂ ಆ ಸಾವ್ಕಾರ್ರಿಗೂ ಏನು ವ್ಯತ್ಯಾಸ?"

ಅವಳು ಮುಖ ಸಿಂಡರಿಸಿಕೊಂಡು ಪಕ್ಕಕ್ಕೆ ಸರಿದಳು. ನಮ್ಮ ಜನ ಅತಿಥಿಗೆ ಒಳ್ಳೆಯದನ್ನೇ ತೋರಿಸುತ್ತಾರೆ. ಲೆಕ್ಕಕ್ಕೆ ಆ ಮರ್ಯಾದೆಯೂ ಶತ್ರುವೇ ಎಂದು ಅಂದು ನನಗೆ ತಿಳಿಯಿತು. ತೆಗೆದವನ್ನೆಲ್ಲ ಸುಲಿದು, ಚಿಪ್ಪು ಒಡೆದು, ಕೊಬ್ಬರಿಯನ್ನು ಒಟ್ಟು ತೂಗಿ, ಎಣಿಕೆಯಿಂದ ಭಾಗಿಸಿದೆವು. ಹಿಂದಿನ ವರ್ಷದ ಸೇವೆಯಿಂದ ಮಠದ ಉಗ್ರಾಣದಲ್ಲಿ ಉಳಿದಿದ್ದ ಉಂಡೆಗಳನ್ನು ಅಡುಗೆಯವರು ತಂದಿದ್ದರು. ಅವುಗಳ ಸರಾಸರಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎಂದರೆ ಅಕ್ಕ ದೊಡ್ಡವನ್ನು ಆರಿಸಿ ಮಂಡಿಗೆ ಕಳಿಸಿರಲಿಲ್ಲ.

ಮಠದ ಅಂಗಳದಲ್ಲಿ ಇದನ್ನು ಹೇಳಿದಾಗ ಸಾಹುಕಾರರು ನಕ್ಕರು. "ಸೈಕಲ್ ಪಂಕ್ಚರ್ ಹಾಕೋನು ಕೊಬ್ರಿ ಪರೀಕ್ಷೆ ಮಾಡ್ತಾನೇನ್ರಿ? ಚೀಟಿ ಎತ್ತಿ ತೂಕ ಹೇಳೋಕೆ ಇದೇನು ಲಾಟ್ರಿನಾ?"

ನಾನು ಕಾಯುತ್ತಿದ್ದುದು ಆ ನಗುವಿಗೇ. "ಲಾಟ್ರಿನೇ ಅಂತ ಇಟ್ಕೊಳ್ಳಿ ಸಾವ್ಕಾರ್ರೇ. ಅದೇ ಚೀಟಿ ನಿಮ್ಮಟ್ಟದಾಗೂ ಎತ್ತಾಣ. ಸೇವೆ ನಿಮ್ದೇ ಅಂದಮ್ಯಾಕೆ ನಿಮಗೇನು ಭಯ?" ಎಂದೆ. ಅಷ್ಟು ಜನರ ಮುಂದೆ ಹಿಂಜರಿಯುವಂತಿರಲಿಲ್ಲ. ಅಲ್ಲಿಂದಲೇ ಎಲ್ಲರೂ ಅವರ ಮನೆಗೆ ನಡೆದೆವು.

ಅವರ ಅಟ್ಟದ ಬಾಯಲ್ಲಿ ಕುಂಬಳದಂಥ ಕಾಯಿಗಳು. ಅವು ಒಂದರ ಪಕ್ಕ ಒಂದು, ತೊಟ್ಟು ಒಂದೇ ಕಡೆಗೆ ಮಾಡಿಕೊಂಡು ಕುಳಿತಿದ್ದವು. ಮೊದಲು ಏಣಿ ಹತ್ತಿದ ಅಡುಗೆಯವರು ಅಲ್ಲಿಂದಲೇ ಕೂಗಿದರು:

"ಸಾವ್ಕಾರ್ರೇ, ನಿಮ್ಮ ಕಾಯಿ ಸುರಿದಂಗಿಲ್ಲ ಕಣ್ರೀ. ಪಂಕ್ತಿಗೆ ಕೂತವೆ! ಎಲೆ ಹಾಕಿದ್ರೆ ಉಂಡೇ ಏಳ್ತವೆ!"

ಕೆಳಗಿದ್ದವರು ಗೊಳ್ಳೆಂದರು. ಚೀಟಿ ನಮ್ಮನ್ನು ಹಿಂಬದಿಯ ಗೋಡೆಗೂ ನಡುವಿಗೂ ಕರೆದೊಯ್ದಿತು. ಅಲ್ಲೆಲ್ಲ ಸಿಕ್ಕವು ನಿಂಬೆಗಾತ್ರದವೇ. ಸರಾಸರಿ ಅಕ್ಕನದಕ್ಕಿಂತ ಬಹಳ ಕೆಳಗೆ ಬಿತ್ತು. ಆದರೆ ನಾನು ಬಂದದ್ದು ಆ ತೂಕಕ್ಕಲ್ಲ. ಬಾಯಿಗೆ ದಪ್ಪದನ್ನು ಸಾಲಾಗಿ ಜೋಡಿಸಿದವನಿಗೆ ಬಾಯಿಯ ಗುಟ್ಟು ಗೊತ್ತಿರಲೇಬೇಕು. ಅಕ್ಕನ ಅಂಗಳದಲ್ಲಿ ಅವರು ಮಾಡಿದ್ದು ತಪ್ಪು ಅಂದಾಜಲ್ಲ, ಕೊಲೆ. ಸಾಹುಕಾರರು ಬೆವರು ಒರೆಸಿಕೊಳ್ಳುತ್ತಿದ್ದರು. ಆ ದೃಶ್ಯವನ್ನು ನಾನು ಇಷ್ಟು ವರ್ಷ ಬೇಕೆಂದಾಗಲೆಲ್ಲ ಕಣ್ಮುಂದೆ ತಂದುಕೊಂಡು ಸುಖಪಟ್ಟಿದ್ದೇನೆ. ಅದಕ್ಕಾಗಿ ನನಗೆ ನಾಚಿಕೆಯಿಲ್ಲ.

ಆದರೂ ಸಮಿತಿ ತನ್ನವರ ಮುಖ ಉಳಿಸಿತು. ಇನ್ನು ಮುಂದೆ ಕೊಬ್ಬರಿ ಸೇವೆ ಯಾರೊಬ್ಬರದೂ ಅಲ್ಲ, ಎಲ್ಲ ಮನೆಯವರೂ ಕೈಲಾದಷ್ಟು ಕೊಡಲಿ, ಹೆಸರು ಕೂಗುವುದು ಬೇಡ ಎಂದು ತೀರ್ಮಾನಿಸಿತು. ಕೇಳುವುದಕ್ಕೆ ಎಷ್ಟು ಧರ್ಮವಾಗಿದೆ! ಅಕ್ಕನಿಂದ ಕಿತ್ತುಕೊಂಡದ್ದನ್ನು ಮರಳಿಸದಿರಲು ಅದಕ್ಕಿಂತ ಸಭ್ಯವಾದ ದಾರಿ ಇರಲಿಲ್ಲ. ಆಕೆ ನಿರ್ದೋಷಿ ಎಂದು ಒಂದು ಮಾತನ್ನೂ ಯಾರೂ ಕೂಗಿ ಹೇಳಲಿಲ್ಲ.

ಆಮೇಲೆ ಅಕ್ಕ ಕಾಯಿಯನ್ನು ಅಟ್ಟದ ಬಾಯಲ್ಲಿ ಸುರಿಯಗೊಡಲಿಲ್ಲ. ಪ್ರತಿ ಕೊಯ್ಲಿನಲ್ಲೂ ತಾನೇ ಮೇಲೆ ಹತ್ತಿ, ಬುಟ್ಟಿ ಹೊತ್ತು, ಅಟ್ಟದ ಉದ್ದಗಲಕ್ಕೂ ನಡೆದು, ಸಣ್ಣದನ್ನೂ ದಪ್ಪದನ್ನೂ ಬೆರೆಸಿ ಹರಡುತ್ತಿದ್ದಳು. ಮೊಣಕಾಲು ನೋವಿಗೆ ಮೆಟ್ಟಿಲುಮೆಟ್ಟಿಲಿಗೂ ನಿಲ್ಲುತ್ತಿದ್ದಳು. ಯಾಕಕ್ಕಾ ಈ ಪಾಡು ಎಂದು ನಾನು ಕೇಳಿದೆ.

"ಯಾವನು ಎಲ್ಲಿ ಕೈ ಇಕ್ಕುದ್ರೂ ಒಂದೇ ತರ ಸಿಗ್ಬೇಕು ಕಣೋ," ಎಂದಳು.

ಯಾರೂ ಬರಲಿಲ್ಲ... ಕೈ ಹಾಕಲು ಒಬ್ಬನೂ ಬರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಕೆಲವು ವರ್ಷಕ್ಕೆ ಅಕ್ಕ ತೀರಿಕೊಂಡಳು. ಸಾಹುಕಾರರು ದೊಡ್ಡ ಹಾರ ಹಿಡಿದು ಬಂದರು. ನಾನು ಬಾಗಿಲಲ್ಲಿ ನಿಂತು ಅವರನ್ನು ಒಳಗೆ ಬಿಡಲಿಲ್ಲ. ಊರು ನನ್ನನ್ನು ಬೈದಿತು. ಈಗ ಮನೆಯೂ ಇಲ್ಲ, ಅಟ್ಟವೂ ಇಲ್ಲ. ಗೋಡೆಯ ಆಚೆ ಮಾತಾಡುವ ಹೆಂಗಸೂ ಇಲ್ಲ.

ನಾನು ಹೇಳಿದ್ದನ್ನು ನಂಬಬೇಡಿ. ಹಳೆಯ ದ್ವೇಷ ಇಟ್ಟುಕೊಂಡ ಮುದುಕನ ಮಾತೆಂದು ತಳ್ಳಿಹಾಕಿ. ಆದರೆ ಅಡುಗೆಯವರು ಇನ್ನೂ ಇದ್ದಾರೆ. ಏಣಿಯ ಮೇಲೆ ಆಡಿದ ಒಂದು ತಮಾಷೆಗೆ ಮಠದ ಅಡುಗೆಮನೆ ಬಿಡಬೇಕಾಗಿ ಬಂದು, ಹುಲಿಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಲ್ಯಾಣಿಯ ಬಳಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಬಲಗಿವಿ ಕೇಳಿಸುವುದಿಲ್ಲ, ಎಡಕ್ಕೆ ಕುಳಿತುಕೊಳ್ಳಿ. ಸಾಹುಕಾರರ ಮಕ್ಕಳೂ ಹೋಗಬಹುದು.