ಟ್ಯಾಂಕಪ್ಪನೂ ನೊರೆ ಬಿಡುವ ಮೀನೂ

ಊರಿನ ಅರ್ಧ ಜನ ಕುಡಿಯುವ ನೀರು ಟ್ಯಾಂಕಪ್ಪನ ಕೈ ದಾಟಿಯೇ ಬರುತ್ತಿತ್ತು ಎಂದರೆ ಸುಳ್ಳಲ್ಲ. ಮೂವತ್ತೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಟೆರೇಸಿನ ಮೇಲಿನ ನೀರಿನ ಟ್ಯಾಂಕಿಗೆ ಇಳಿಯುವುದು, ತಳದ ಕೆಸರು ಬಳಿಯುವುದು, ಗೋಡೆಯ ಪಾಚಿ ಉಜ್ಜುವುದು. ಒಳಗೆ ಮಿಸುಕಾಡುವಂಥದ್ದು ಏನಾದರೂ ಸಿಕ್ಕರೆ ಮುಲಾಜಿಲ್ಲದೆ ಬಕೆಟ್ಟಿಗೆ ಹಾಕಿ ಹೊರಗಟ್ಟುವುದು. ಕೊನೆಗೆ ಟ್ಯಾಂಕಿನ ಮೈಮೇಲೆ ಕೆಂಪು ಬಣ್ಣದಲ್ಲಿ ತಾರೀಖು ಬರೆದು ಏಣಿ ಇಳಿಯುವುದು. ಅವನ ನಿಜವಾದ ಹೆಸರು ಯಾರಿಗಾದರೂ ನೆನಪಿದೆಯೋ ಇಲ್ಲವೋ, ನನಗಂತೂ ಇಲ್ಲ.

ಹೀಗಿರುವಾಗ ಮೊಣಕಾಲು ಕೈಕೊಟ್ಟಿತು. ಇನ್ನು ಏಣಿ ಮುಟ್ಟಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸುಮ್ಮನೆ ಕೂರುವ ಜಾಯಮಾನವೇ ಅವನದು? ಮನೆ ತೊಳೆಯಲು ಶುರುಮಾಡಿದ. ಟೀ ಪಾತ್ರೆಯ ತಳ ಉಜ್ಜೀ ಉಜ್ಜೀ ತೂತು ಮಾಡಿದ. ಹೆಂಡತಿ ಅರ್ಧ ಕುಡಿದು ಕೆಳಗಿಟ್ಟ ಲೋಟವನ್ನು ಎತ್ತಿಕೊಂಡು ಹೋಗಿ ತೊಳೆದು ಬೋರಲು ಹಾಕಿದ. ಆವತ್ತೇ ಆಕೆ ಮಗಳಿಗೆ ಫೋನು ಮಾಡಿದಳು.

“ಬಂದು ನಿಮ್ಮಪ್ಪನಿಗೆ ಏನಾದ್ರೂ ದಾರಿ ಮಾಡು ತಾಯಿ. ಇಲ್ಲಾಂದ್ರೆ ನಾಳೆ ನನ್ನನ್ನೂ ಬ್ರಷ್ ಹಾಕಿ ಉಜ್ಜಿ ಬಿಸಿಲಿಗೆ ಒಣಗಿಸ್ತಾರೆ!”

ಮಗಳಿಗೆ ಮೀನು ಸಾಕುವ ಹುಚ್ಚು. ಭಾನುವಾರ ಇಪ್ಪತ್ತು ಲೀಟರಿನ ಗಾಜಿನ ತೊಟ್ಟಿಯನ್ನು ತಬ್ಬಿಕೊಂಡು ಬಂದಳು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೀಲಿ ಬಣ್ಣದ ಬೆಟ್ಟಾ, ಅಂದರೆ ನಾವೆಲ್ಲ ಫೈಟರ್ ಎನ್ನುವ ಮೀನು. ಹೆಬ್ಬೆರಳಿನಷ್ಟು ಮೈ, ಅದರ ಮೂರರಷ್ಟು ಬಾಲ, ಊರಿಗೆಲ್ಲ ಸಾಲುವಷ್ಟು ಜಂಬ.

ಟ್ಯಾಂಕಪ್ಪ ಕೆಲಸಕ್ಕಿಳಿದ ನೋಡಿ! ಕಲ್ಲುಹರಳುಗಳನ್ನು ಹನ್ನೊಂದು ನೀರಿನಲ್ಲಿ ತೊಳೆದ. ಗಿಡದ ಎಲೆಗಳನ್ನು ಒಂದೊಂದಾಗಿ ಒರೆಸಿದ. ಗಾಜಿನ ಮೇಲೆ ಬೆರಳು ಎಳೆದು ಕೀಚ್ ಎನ್ನುವವರೆಗೂ ಬಿಡಲಿಲ್ಲ. ಮಗಳು ನೀರಿನ ಕ್ಲೋರಿನ್ ಹೋಗಲು ನಾಲ್ಕು ಹನಿ ಔಷಧ ಹಾಕುವಾಗ ಅವನು ತೊಟ್ಟಿಯ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ತಾರೀಖು ಬರೆಯುತ್ತಿದ್ದ. ಎಲ್ಲ ಸರಿ ಎನ್ನುವಷ್ಟರಲ್ಲಿ ಮಗಳು ತನ್ನ ಮನೆಯ ಹಳೆಯ ತೊಟ್ಟಿಯ ಫಿಲ್ಟರಿನಿಂದ ತೆಗೆದು ತಂದಿದ್ದ ಒಂದು ಕಂದು ಸ್ಪಂಜನ್ನು ಹೊಸ ಫಿಲ್ಟರಿಗೆ ತುರುಕಿದಳು.

“ಅಯ್ಯೋ! ಏನದು ಗಲೀಜು?”

“ಅಪ್ಪಾ, ಇದನ್ನ ತೊಳೀಬಾರದು. ಇದರಲ್ಲಿ ಒಳ್ಳೆ ಕ್ರಿಮಿಗಳಿರ್ತವೆ. ನೀರನ್ನ ಅವೇ ನೋಡ್ಕೊಳ್ತವೆ.”

ಒಳ್ಳೆಯ ಕ್ರಿಮಿ! ಟ್ಯಾಂಕಪ್ಪನಿಗೆ ತಲೆ ತಿರುಗಿತು. ಈ ಮಾತು ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ಬ್ರಷ್ ಯಾಕೆ ಹಿಡಿಯಬೇಕಿತ್ತು?

“ಒಂದು ತಿಂಗಳು ನೋಡ್ತೀನಿ,” ಎಂದಳು ಮಗಳು ಹೊರಡುವಾಗ. “ಮೀನು ಸೊರಗಿದ್ರೆ ವಾಪಸ್ ತಗೊಂಡು ಹೋಗ್ತೀನಿ, ಮುಲಾಜು ನೋಡಲ್ಲ.”

ಮೊದಮೊದಲು ಅವನೂ ಕೊಂಡುಹೋದರೆ ಹೋಗಲಿ ಎಂದುಕೊಂಡಿದ್ದ. ಆದರೆ ನಾಲ್ಕನೇ ದಿನಕ್ಕೆ ಮೀನು ಅವನ ಗುರುತು ಹಿಡಿಯಿತು. ಅವನು ಕೋಣೆಗೆ ಬಂದರೆ ಸಾಕು, ಬಾಲ ಕುಣಿಸಿಕೊಂಡು ಗಾಜಿಗೆ ಬಂದು ನಿಲ್ಲುತ್ತಿತ್ತು. ಅಷ್ಟೇ, ಟ್ಯಾಂಕಪ್ಪ ಕರಗಿಹೋದ. ಮೀನಿಗೆ ‘ಸಾಹೇಬ್ರು’ ಎಂದು ಹೆಸರಿಟ್ಟ. ಸಾಹೇಬ್ರು ಎದ್ದರಾ, ಸಾಹೇಬ್ರಿಗೆ ಯಾಕೋ ಇವತ್ತು ಸಿಟ್ಟು, ಬರೀ ಇದೇ ಮಾತು.

ಐದನೇ ದಿನ ಬೆಳಿಗ್ಗೆ ನೋಡಿದರೆ, ನೀರಿನ ಮೇಲೆ ಒಂದು ಮೂಲೆಯಲ್ಲಿ ನೊರೆ!

ಟ್ಯಾಂಕಪ್ಪ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ. ಮೂವತ್ತೆಂಟು ವರ್ಷದಲ್ಲಿ ಅವನು ತೊಳೆದ ಟ್ಯಾಂಕಿನಲ್ಲಿ ನೊರೆ ಕಂಡವರಿಲ್ಲ. ಅಡುಗೆಮನೆಯ ಟೀ ಸೋಸುವ ಜಾಲರಿ ತಂದು ಗೋರಿ ಹಾಕಿದ. ಮರುದಿನ ಮತ್ತೆ ನೊರೆ. ಗೋರಿದ. ಅದರ ಮರುದಿನ ಇನ್ನೂ ದಪ್ಪಗೆ. ಸೋಪಿನ ಕೈ ಅದ್ದಿದವರು ಯಾರು ಎಂದು ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡ.

“ನನಗೇನು ತಲೆ ಕೆಟ್ಟಿದ್ಯಾ, ಮೀನಿನ ನೀರಲ್ಲಿ ಪಾತ್ರೆ ತೊಳೆಯೋಕೆ?” ಆಕೆ ಉರಿದುಬಿದ್ದಳು. “ಮೊದಲು ನನ್ನ ಜಾಲರಿ ಕೊಡಿ ಇಲ್ಲಿ!”

ಕೊಡಲಿಲ್ಲ ಮಹಾಶಯ. ಬೆಳಗಾದರೆ ಇವನು ಗೋರುವುದು, ಸಂಜೆಯಾದರೆ ಮೂಲೆಯಲ್ಲಿ ಗುಳ್ಳೆ ಏಳುವುದು. ಸಾಹೇಬ್ರು ಗಾಜಿನಾಚೆಯಿಂದ ರೆಕ್ಕೆ ಕೆದರಿಕೊಂಡು ಗುರಾಯಿಸುತ್ತಿದ್ದರು. ಮಗಳು ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಎಲ್ಲ ಚೆನ್ನಾಗಿದೆ ಎಂದು ಮಾತು ತೇಲಿಸಿದ. ನಿಜ ಹೇಳಿದರೆ ಮೀನು ಕೈತಪ್ಪುತ್ತದಲ್ಲ.

ತಿಂಗಳು ತುಂಬಿದ ದಿನ ಮಗಳು ಬಂದಳು. ತೊಟ್ಟಿಯ ಮುಂದೆ ಬಗ್ಗಿ ನೋಡಿ ಮುಖ ಅರಳಿಸಿದಳು. “ಪರವಾಗಿಲ್ವೇ ಅಪ್ಪಾ! ಬಣ್ಣ ನೋಡಿ ಹೇಗೆ ಬಂದಿದೆ!”

ಸುಮ್ಮನಿದ್ದಿದ್ದರೆ ಗೆದ್ದಿದ್ದ. ಆದರೆ ಕೆಟ್ಟ ನೀರನ್ನು ಒಳ್ಳೆಯದೆಂದು ಒಪ್ಪಿಸಿ ಅವನಿಗೆ ಗೊತ್ತೇ ಇಲ್ಲ.

“ಇಲ್ಲಮ್ಮ. ತಗೊಂಡು ಹೋಗಿಬಿಡು,” ಎಂದ. “ನನ್ನ ನೀರಲ್ಲಿ ಏನೋ ದೋಷ ಇದೆ. ದಿನಾ ನೊರೆ ಬರತ್ತೆ. ಗೋರಿ ಗೋರಿ ಸಾಕಾಯ್ತು. ಪಾಪ, ಇಲ್ಲಿದ್ರೆ ಸತ್ತೇ ಹೋಗ್ತಾನೆ.”

“ನೊರೆನಾ? ಮೂಲೇಲಿ, ಸಣ್ಣ ಸಣ್ಣ ಗುಳ್ಳೆ?”

ಅವನು ತಲೆಯಾಡಿಸಿದ. ಮಗಳು ನೆಲದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿ ಓಡಿಬಂದಳು.

“ಅಪ್ಪಾ, ಅದು ಗೂಡು! ಗಂಡು ಮೀನು ಬಾಯಲ್ಲಿ ಗುಳ್ಳೆ ಮಾಡಿ ಮಾಡಿ ಕಟ್ಟತ್ತೆ, ಹೆಂಡ್ತಿ ಬಂದ್ರೆ ಮೊಟ್ಟೆ ಇಡೋಕೆ ಅಂತ. ಎಷ್ಟು ಸಲ ತೆಗೆದ್ರಿ?”

ಟ್ಯಾಂಕಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಮುಖ ಸಣ್ಣದಾಯಿತು.

“ಇಪ್ಪತ್ತೈದು.”

“ಅಯ್ಯೋ ಪಾಪಿ!” ಎಂದಳು ಹೆಂಡತಿ.

“ತಗೊಂಡು ಹೋಗಮ್ಮ,” ಎಂದ ಅವನು. “ಇಪ್ಪತ್ತೈದು ಸಲ ಮನೆ ಕೆಡವಿದೋನ ಹತ್ರ ಅವನು ಯಾಕಿರ್ಬೇಕು?” ಕಣ್ಣು ಒರೆಸಿಕೊಳ್ಳುತ್ತ ಗೋಡೆ ಕಡೆ ತಿರುಗಿ ನಿಂತ.

“ಅಪ್ಪಾ, ಕೇಳಿ ಇಲ್ಲಿ. ಜಾಗ ಹಿಡಿಸಿದ್ರೇನೇ ಅವನು ಗೂಡು ಕಟ್ಟೋದು.”

ಅವನು ಕೇಳಿಸಿಕೊಳ್ಳಲಿಲ್ಲ. ಹಠಕ್ಕೆ ಬಿದ್ದರೆ ಅವನನ್ನು ಜಗ್ಗಿಸಿದವರಿಲ್ಲ. ಮಗಳು ನಿಟ್ಟುಸಿರು ಬಿಟ್ಟು ಚೀಲಕ್ಕೆ ನೀರು ತುಂಬಿಸಿಕೊಂಡಳು, ಬಲೆ ಕೈಗೆತ್ತಿಕೊಂಡಳು. ಕೊನೆಯ ಸಲ ನೋಡೋಣವೆಂದು ಟ್ಯಾಂಕಪ್ಪ ತಿರುಗಿದ.

ಅವನು ಬೆಳಿಗ್ಗೆ ತಾನೇ ಗೋರಿದ್ದ ಮೂಲೆಗೆ ಸಾಹೇಬ್ರು ಮೆಲ್ಲಗೆ ತೇಲಿಬಂದರು. ಮೇಲಕ್ಕೆ ಹೋಗಿ ಒಂದು ಬಾಯಿ ಗಾಳಿ ಕುಡಿದರು. ಒಂದು ಗುಳ್ಳೆ ಬಿಟ್ಟರು. ಅದರ ಪಕ್ಕ ಇನ್ನೊಂದು.

“ಏಯ್! ಕೈ ತೆಗಿ!” ಟ್ಯಾಂಕಪ್ಪ ಮೊಣಕಾಲು ನೋವನ್ನೂ ಮರೆತು ಹಾರಿ ಬಂದು ತೊಟ್ಟಿಗೆ ಅಡ್ಡ ನಿಂತ. “ಯಾರೂ ಅಲ್ಲಾಡಿಸ್ಬೇಡಿ! ಕೆಲಸ ನಡೀತಿದೆ!”

“ನೀವೇ ತಾನೇ ತಗೊಂಡು ಹೋಗು ಅಂದಿದ್ದು?” ಮಗಳು ಬಲೆ ಹಿಡಿದು ನಿಂತೇ ಇದ್ದಳು.

“ಹೇಗೆ ಕೊಡ್ಲಿ ಕಣಮ್ಮ?” ಎಂದ ಟ್ಯಾಂಕಪ್ಪ. “ಇಷ್ಟೆಲ್ಲ ಮಾಡಿದ್ರೂ ಅವನು ನನ್ನ ಮನೇಲೇ ಕಟ್ತಿದ್ದಾನೆ, ನೋಡು.”